ಜಮಖಾನೆಯ ಇನ್ನೊಂದು ತುದಿ

ಇವತ್ತು ರವಿವಾರ. ಮೊಬೈಲಿನಲ್ಲೇ ಆರಾಧನೆ ನೋಡಿ ಮುಗಿಸಿ ಮಾಳಿಗೆಗೆ ಹೋದರೆ, ಒಣಗಲು ಹಾಕಿದ ಹಳೆಯ ಜಮಖಾನೆಯ ವಾಸನೆಗೆ ಹಳೇ ಬಾಗಲಕೋಟೆಯ ನಮ್ಮ ಪುಟ್ಟ ಚರ್ಚು ನೆನಪಾಯಿತು.

ಆರಾಧನೆ ಮುಗಿದ ಮೇಲೆ, ಸಭೆ ಕೂರಲು ಹಾಸುತ್ತಿದ್ದ ಈ ಉದ್ದನೆಯ ಜಮಖಾನೆಯನ್ನು ಮಡಚುವುದು ನಮ್ಮ ಅಜ್ಜಿ ಮತ್ತು ಪಕ್ಕದ ಓಣಿಯ ಶಾಂತವ್ವನ ಕೆಲಸ. ಒಮ್ಮೆ ಅಜ್ಜಿಗೆ ಮೈ ಸುಡುವಂಥ ಜ್ವರ.

"ಇವತ್ತೊಂದಿನ ಬ್ಯಾಡ ಯವ್ವಾ, ಮನ್ಯಾಗ ಪ್ರಾರ್ಥನಿ ಮಾಡು," ಎಂದ ಅಪ್ಪ.

"ದೇವರು ಮನ್ಯಾಗೂ ಕೇಳ್ತಾನಪಾ. ಆದ್ರ ಶಾಂತವ್ವನ ಎದುರಿನ ತುದಿ ಯಾರ್ ಹಿಡೀತಾರ?" ಎಂದವಳೇ ಅಜ್ಜಿ ಸೆರಗು ಹೊದ್ದು ಹೊರಟುಬಿಟ್ಟಳು.

ಮುಂದೆ ಅಣೆಕಟ್ಟಿನ ಹಿನ್ನೀರಿನಲ್ಲಿ ಚರ್ಚು ಮುಳುಗಿತು, ಸಭೆಯ ಮಂದಿ ದಿಕ್ಕಿಗೊಬ್ಬರಾದರು. ಜಮಖಾನೆ ಅಜ್ಜಿಯ ಟ್ರಂಕಿನೊಳಗೆ, ಮನೆ ಮುಳುಗಿದವರಿಗೆಂದು ಕಟ್ಟಿದ ನವನಗರಕ್ಕೆ ಬಂತು. ಅಜ್ಜಿ ಈಗಿಲ್ಲ.

ಮಡಚಲೆಂದು ಎತ್ತಿದೆ. ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ನೆಲದ ಮೇಲೆ ಬಿದ್ದಿತ್ತು.