ಹಾಸಿನ ದಾವೆಯಲ್ಲಿ ನಾನು ಹೇಳಿದ ಹೊತ್ತು

ನಾನು ಓದಿದ್ದು ಮೂರನೇ ಇಯತ್ತೆಯವರೆಗೆ. ಆಮೇಲೆ ಮಗ್ಗದ ಕುಣಿಗೆ ಇಳಿದವನು ಮೇಲೆದ್ದು ಬಂದದ್ದು ಊಟಕ್ಕೆ, ನಿದ್ದೆಗೆ, ಒಮ್ಮೆ ಕೋರ್ಟಿಗೆ. ಸೀರೆ ನೇಯುವುದರಲ್ಲಿ ಬೆಟಗೇರಿಯಲ್ಲಿ ನನ್ನ ಕೈಗೆ ಸರಿಗಟ್ಟುವವರು ಇರಲಿಲ್ಲ. ಇದ್ದರೆ ಹೇಳಿಕೊಳ್ಳಲಿ, ನಾನಂತೂ ಕಂಡಿಲ್ಲ.

ಕೋರ್ಟಿಗೆ ಹೋದದ್ದು ಓಣಿಯ ಸಲುವಾಗಿ. ನೇಯುವ ಮೊದಲು ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳನ್ನು ಓಣಿಯುದ್ದಕ್ಕೂ ಚಾಚಿ, ಗಂಜಿ ಸವರಿ, ಕುಂಚದಿಂದ ತಿಕ್ಕಿ ಆರಿಸಬೇಕು. ಅದು ಬೆಳಗಿನ ತಂಪಿನ ಕೆಲಸ. ಬಿಸಿಲೇರಿದರೆ ಗಂಜಿ ಬೇಗ ಒಣಗಿ ಎಳೆ ಕಡಿಯುತ್ತವೆ. ಹಸಿ ಇರುವಾಗಲೇ ಎತ್ತಿದರೆ ಎಲ್ಲ ಅಂಟಿಕೊಂಡು ಹಗ್ಗವಾಗುತ್ತವೆ. ಅಜ್ಜ, ಅಪ್ಪ ಎಲ್ಲರೂ ಅಲ್ಲಿಯೇ ಚಾಚಿದವರು. ಸ್ವಾತಂತ್ರ್ಯ ಬಂದ ಮೇಲೆ ಓಣಿಯ ಕೊನೆಯ ಮನೆಯವನು ಚಕ್ಕಡಿ ಕೊಂಡು ಗದಗಿನ ಪೇಟೆಗೆ ಹತ್ತಿ ಹೇರತೊಡಗಿದ. ಅವನು ಹೊರಡುವ ಹೊತ್ತೂ ನನ್ನ ಹಾಸಿನ ಹೊತ್ತೂ ಒಂದೇ.

"ತಗೀಲೇ ನಿನ್ನ ದಾರಾ! ಸ್ವಾತಂತ್ರ್ಯ ಬಂದೈತಿ, ದಾರಿ ಎಲ್ಲಾರದು" ಎಂದ.

"ಸ್ವಾತಂತ್ರ್ಯ ನಿನ್ನ ಎತ್ತಿಗಷ್ಟ ಬಂದೈತೇನಲೇ?" ಎಂದೆ.

ಅವನು ದಾವೆ ಹಾಕಿದ. ಸೋತರೆ ನನಗೆ ಹಾಸು ಚಾಚಲು ಬೇರೆ ಜಾಗವಿಲ್ಲ. ಹಾಸಿಲ್ಲದೆ ಮಗ್ಗವಿಲ್ಲ.

ನಮ್ಮ ವಕೀಲರು ಹಗಲು ಕೋರ್ಟಿನಲ್ಲಿ, ಸಂಜೆ ಏಕೀಕರಣದ ಸಭೆಗಳಲ್ಲಿ ಮಾತಾಡುವವರು. "ಕನ್ನಡನಾಡು ಇನ್ನೇನು ಒಂದಾಗೇ ಬಿಡ್ತದ" ಎಂದರೆ ಜನ ಕೈ ನೋಯುವಂತೆ ಚಪ್ಪಾಳೆ ತಟ್ಟುತ್ತಿದ್ದರು. ಒಮ್ಮೆ ಕೇಳಿದೆ: "ಅಂದ್ರ ಯಾವಾಗ್ರಿ, ಸಾಹೇಬ್ರ?"

"ಅದನ್ನ ಕೇಳಬಾರದಪಾ. ತಾರೀಖು ಹೇಳಿದ್ರ ಚಪ್ಪಾಳಿ ನಿಲ್ತಾವ."

ದಾವೆಗೂ ಅವರದು ಅದೇ ಉಪದೇಶ. "'ಹಿಂದಿನಿಂದ ನಡಕೊಂಡು ಬಂದದ' ಅನ್ನು. 'ಬೆಳಗಿನ ಹೊತ್ತು' ಅನ್ನು. ಮುಂದ ಒಂದಕ್ಷರ ಬ್ಯಾಡ."

"ಬೆಳಗಿನ ಹೊತ್ತಂದ್ರ ಎಲ್ಲೀತನಕಾರೀ?"

"ಮುನ್ಸೀಫರು ಏಳೋದು ತಡ. ಅವರ ಬೆಳಗು ಭಾಳ ಉದ್ದ ಅದ. ತಾವೇ ಅಳಕೊಳ್ಳಲಿ ಬಿಡು. ನೀ ಗಜಾ ಹಿಡಕೊಂಡು ನಿಂತ್ರ ಅವರು ನಿನ್ನ ಗಜದ್ಲೇ ನಿನ್ನ ಅಳೀತಾರ."

ಅವರು ಹೇಳಿದ್ದು ಖರೆಯಾಯಿತು. ನಾನು "ಹಿಂದಿನಿಂದ" ಎಂದೊಡನೆ ಮುನ್ಸೀಫರು ಅರೆಗಣ್ಣು ಮುಚ್ಚಿ ತಲೆದೂಗಿದರು. ಅವರ ಕಣ್ಣ ಮುಂದೆ ಯಾವ ಓಣಿ ಬಂತೋ, ಯಾವ ಅಜ್ಜ ಬಂದನೋ! ನಾನು ಹೇಳದೆ ಬಿಟ್ಟದ್ದನ್ನೆಲ್ಲ ಅವರೇ ತುಂಬಿಕೊಳ್ಳುತ್ತಿದ್ದರು. ಅದೇ ಉಪಾಯ ಚಕ್ಕಡಿಯವನಿಗೆ ಫಲಿಸಲಿಲ್ಲ. ಅವನು "ಅಪಾರ ಅಡಚಣಿ ಆಗೇತ್ರಿ" ಎಂದ. "ಅಪಾರ ಅಂದ್ರ?" ಎಂದು ಮುನ್ಸೀಫರು ಕಣ್ಣು ಬಿಟ್ಟರು. "ಎತ್ತು ಸಿಟ್ಟಿಗೇಳ್ತಾವ್ರಿ" ಎಂದುಬಿಟ್ಟ. ಬಾಗಿಲಲ್ಲಿ ನಿಂತ ಪಟ್ಟೇವಾಲನೂ ನಕ್ಕ. ಗೆದ್ದೆ ಎಂದುಕೊಂಡೆ.

ಆಗ ಅವನ ವಕೀಲರು ಎದ್ದು ಬಹಳ ಮರುಕದಿಂದ ಕೇಳಿದರು: "ನಿಮ್ಮ ಕೈ ಈಗೀಗ ನಿಧಾನ ಆಗೇದ ಅಂತ ಕೇಳೇನಿ. ಅದಕ್ಕ ಪೂರಾ ಮುಂಜಾನಿ ಬೇಕಾಗ್ತದೇನೋ, ಪಾಪ?"

ನಮ್ಮ ವಕೀಲರು ಕೆಮ್ಮಿದರು. ನೆಗಡಿ ಇರಬೇಕೆಂದುಕೊಂಡೆ.

"ಯಾರ್ರೀ ನಿಧಾನ? ಮಂದಿ ಒಲಿ ಹಚ್ಚೂದ್ರಾಗ ನಾ ಹಾಸು ಚಾಚಿರ್ತೀನಿ. ಓಣ್ಯಾಗ ಬಿಸಲು ಬೀಳೂದ್ರೊಳಗ ಸುತ್ತಿ ಒಳಗ ಒಯ್ದಿರ್ತೀನಿ!"

"ದಿನಾಲೂ?"

"ದಿನಾಲೂ! ಬೇಕಾದ್ರ ಬಂದು ನೋಡ್ರಿ."

ಮುನ್ಸೀಫರು ಎಚ್ಚರಾಗಿ ಬರೆದುಕೊಂಡರು. ತೀರ್ಪೂ ಹಾಗೆಯೇ ಬಂತು: ನಾನು ಹಾಸು ಚಾಚಬಹುದು, ಓಣಿಯಲ್ಲಿ ಬಿಸಿಲು ಬೀಳುವುದರೊಳಗೆ ತೆಗೆಯಬೇಕು, ಆಮೇಲೆ ದಾರಿ ಚಕ್ಕಡಿಗೆ.

ಹೊರಗೆ ಬಂದ ವಕೀಲರು ಹಣೆ ಬಡಿದುಕೊಂಡರು. "ಮಧ್ಯಾಹ್ನದ ತನಕಾ ಕೊಡಸ್ತಿದ್ದೆನಲ್ಲೋ ಮಾರಾಯಾ! 'ಹೌದ್ರಿ, ನಿಧಾನ' ಅಂದಿದ್ರ ಏನಾಗ್ತಿತ್ತು?"

"ಸತ್ರೂ ಅನ್ನೂದಿಲ್ರಿ" ಎಂದೆ. ಈಗಲೂ ಅನ್ನುವುದಿಲ್ಲ.

ಮರುದಿನ ಚಳಿಗಾಲದ ಮಂಜು. ಗಂಜಿ ಆರಲೊಲ್ಲದು. ಚಕ್ಕಡಿಯವನು ಎತ್ತು ಹೂಡಿ ನನ್ನ ಹಾಸಿನ ತುದಿಗೇ ತಂದು ನಿಲ್ಲಿಸಿದ. ಅವನ ಮನೆ ಮುಂದೆ ಗೋಡೆಯ ಮೇಲೆ ಕೈಯಗಲದ ಬಿಸಿಲು ಬಿದ್ದಿತ್ತು.

"ಬಿತ್ತು ನೋಡಲೇ ಬಿಸಲು! ತಗಿ!"

"ಅದು ನಿನ್ನ ಗ್ವಾಡಿ. ಓಣಿ ನೆಲಕ್ಕ ಎಲ್ಲಿ ಬಿದ್ದೈತಿ?"

"ಗ್ವಾಡಿ ಓಣ್ಯಾಗಿಲ್ಲೇನು?"

"ನನ್ನ ಮನಿ ಮುಂದ ಬೀಳಲಿ, ಆಮ್ಯಾಲೆ ಮಾತಾಡು."

"ನಿನ್ನ ಮನಿ ಮುಂದ ಬೀಳೂದು ಯುಗಾದಿಗೆ!"

ಕಟ್ಟೆಗಳ ಮೇಲೆ ಮಂದಿ ನೆರೆದರು. ಒಬ್ಬೊಬ್ಬರೂ ಒಂದೊಂದು ಕಡೆ ಬಿಸಿಲು ತೋರಿಸತೊಡಗಿದರು. ಅಷ್ಟರಲ್ಲಿ ಎಡಗಡೆಯ ಎಳೆಗಳು ಜೋತುಬಿದ್ದು ಒಂದಕ್ಕೊಂದು ಅಂಟತೊಡಗಿದವು. ಒಂದು ಸೀರೆಯ ಹಾಸು ಕಣ್ಣೆದುರೇ ಹಾಳಾಗುವುದರಲ್ಲಿತ್ತು. ನಾನು ಜಗಳ ಬಿಟ್ಟು ಆ ಕಡೆ ಓಡಿದೆ.

ನನ್ನ ಹೆಂಡತಿ ಕುಂಚ ಎತ್ತಿ ಕೂಗಿದಳು: "ಅಣ್ಣಾ, ಬಿಸಲು ಆಮ್ಯಾಲೆ ನೋಡಾಕ ಬರತೈತಿ. ಆ ತುದಿ ಜಗ್ಗಿ ಹಿಡಿ!"

ಚಕ್ಕಡಿಯವನು ಬಯ್ಯುತ್ತಲೇ ಬಾರಕೋಲು ಕಂಕುಳಲ್ಲಿ ಇಟ್ಟುಕೊಂಡು ತುದಿ ಜಗ್ಗಿ ಹಿಡಿದ. ಜಗ್ಗುವುದರಲ್ಲಿ ಅವನ ಕೈ ಗಟ್ಟಿ, ಸುಳ್ಳು ಹೇಳಬಾರದು. ನಾವು ಗಂಡ ಹೆಂಡತಿ ಎರಡೂ ಮಗ್ಗುಲು ತಿಕ್ಕುತ್ತ ಹೋದೆವು. ಎಳೆ ಬಿಡಿಬಿಡಿಯಾಗಿ ಆರಿದವು.

ಅಂದಿನಿಂದ ನಮ್ಮ ಓಣಿಯಲ್ಲಿ ಬಿಸಿಲನ್ನು ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಗಂಜಿಯ ಗಡಿಗೆಯನ್ನು ಒಳಗೆ ಒಯ್ದಳೆಂದರೆ ಅವನು ಎತ್ತು ಹೂಡುತ್ತಿದ್ದ. ತಡವಾದ ದಿನ ತಾನೇ ಬಂದು ತುದಿ ಹಿಡಿದು, ಪೇಟೆಗೆ ಹೋಗಿ, ಬೆಟಗೇರಿಯ ನಿಧಾನದ ನೇಕಾರನಿಂದ ತಡವಾಯಿತೆಂದು ಹೇಳುತ್ತಿದ್ದನಂತೆ. ಆ ಮಾತಿಗೆ ಅವನ ಮೇಲೊಂದು ದಾವೆ ಹಾಕಬೇಕೆಂದಿದ್ದೆ. ವಕೀಲರು ಒಪ್ಪಲಿಲ್ಲ.