ವಿಭೂತಿ ಹಚ್ಚಿ ತಿಕ್ಕಿದ ಪದಕಗಳು

ಅಥವಾ ಹುಣಸೆಹಣ್ಣಿನ ವಾಸನೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಬೆಳ್ಳಿಯನ್ನು ಅವ್ವ ಯಾವತ್ತೂ ವಿಭೂತಿ ಹಚ್ಚಿ ತಿಕ್ಕುತ್ತಿದ್ದಳು, ಹುಣಸೆಹಣ್ಣು ಹಿತ್ತಾಳೆಗೆ. ಆದರೂ ಸಿಂಗಪುರದ ಬುಕಿತ್ ಬಾಟೋಕ್‌ನ ನಮ್ಮ ಮನೆಯ ಆ ಸೋಮವಾರವನ್ನು ನೆನೆದರೆ ಮೊದಲು ಬರುವುದು ಹುಣಸೆಯ ಹುಳಿ. ಸೋಮವಾರ ಎಂಬುದೂ ಖಚಿತವಿಲ್ಲ. ನಾನು ಆಫೀಸಿನಿಂದ ಆಗಷ್ಟೇ ಬಂದಿದ್ದೆ, ಅಷ್ಟು ಗೊತ್ತು.

ನಾನು ಹಳೆಯ ಜರ್ಮನ್ ಪದಕಗಳನ್ನು ಕೂಡಿಡುತ್ತೇನೆ. ಯುದ್ಧದ ಪದಕಗಳಲ್ಲ. ಅಲ್ಲಿಯ ಸಣ್ಣ ಊರುಗಳಲ್ಲಿ ಗುರಿಕಾರರ ಸಂಘಗಳಿದ್ದವು; ವರ್ಷಕ್ಕೊಮ್ಮೆ ಊರೆಲ್ಲ ಸೇರಿ, ಬಂದೂಕಿನಿಂದ ಗುರಿ ಹೊಡೆದು, ಗೆದ್ದವನ ಎದೆಗೆ ಬೆಳ್ಳಿಯ ಬಿಲ್ಲೆ ಚುಚ್ಚುತ್ತಿದ್ದರು. ಒಂದು ಬದಿಗೆ ಓಕ್ ಎಲೆಗಳು, ಇನ್ನೊಂದು ಬದಿಗೆ ಗೆದ್ದವನ ಹೆಸರು. ಬಡಗಿಯೋ ಬೇಕರಿಯವನೋ ಇರಬೇಕು ಅಂದುಕೊಳ್ಳುತ್ತೇನೆ. ನನಗೆ ಇಷ್ಟವಾದದ್ದು ಎಲೆಗಳ ಸಂದಿಯಲ್ಲಿ ಕೂತ ಕಪ್ಪು. ನೂರು ವರ್ಷದ ಗಾಳಿಯಿಂದ ಆದದ್ದು. ಕೂಡಿಡುವವರು ಯಾರೂ ಅದನ್ನು ಮುಟ್ಟುವುದಿಲ್ಲ. ಒಮ್ಮೆ ಹೋದರೆ ಹೋಯಿತು.

ಅವ್ವ ಗದಗಿನಿಂದ ಮೂರು ತಿಂಗಳಿಗೆಂದು ಬಂದಿದ್ದಳು. ರೊಟ್ಟಿ ಬಡಿದರೆ ಕೆಳಗಿನ ಮನೆಗೆ ಸದ್ದಾಗುತ್ತದೆ ಎಂದು ನಾನೇ ಬೇಡ ಅಂದಿದ್ದೆ. ಪಾತ್ರೆಗೂ ಮಶೀನ್, ಬಟ್ಟೆಗೂ ಮಶೀನ್. ‘ನಾ ಇಲ್ಲಿ ಫೋಟೋದಾಗಿನ ದೇವರಿದ್ದಂಗ ನೋಡು, ಕುಂತಲ್ಲೇ ಕುಂತೀನಿ’ ಅನ್ನುತ್ತಿದ್ದಳು.

ಆ ಸಂಜೆ ಬಾಗಿಲು ತೆಗೆದಾಗ ಅವಳು ನೆಲದ ಮೇಲೆ ಕೂತಿದ್ದಳು. ಮುಂದೆ ಲಿಂಗದ ಕರಡಿಗೆ, ಬೆಳ್ಳಿಯ ದೀಪ. ಪಕ್ಕದಲ್ಲಿ ಹಳೆ ಸೀರೆಯ ತುಂಡಿನ ಮೇಲೆ ಸಾಲಾಗಿ ನನ್ನ ಏಳು ಪದಕಗಳು, ಫಳಫಳ.

‘ಏನ್ ತಮ್ಮಾ, ಬೆಳ್ಳಿ ಸಾಮಾನ ಇಷ್ಟ ಕರ್ರಗ ಮಾಡಿ ಇಡ್ತಾರೇನೋ? ಮಂದಿ ನೋಡಿದ್ರ, ಇವನ್ನ ಹಡದಾಕಿ ಏನೂ ಕಲಿಸಿಲ್ಲ ಅಂತಾರ.’

‘ಪಪ್ಪಾ, ಸೋ ಶೈನಿ ಲಾ!’ ಎಂದು ಮಗಳು ಕುಣಿದಳು.

ನನ್ನ ಮುಖ ಏನು ಮಾಡಿತೋ. ಬಾಯಿ ಮಾತ್ರ ‘ಭಾಳ ಚೊಲೋ ಆತವ್ವಾ’ ಅಂದಿತು. ಅವಳ ಬೆರಳ ಗೆರೆಗಳಲ್ಲಿ ಕಪ್ಪು ಇಳಿದಿತ್ತು. ಎಲೆಗಳ ಸಂದಿಯಿಂದ ಎದ್ದು ಬಂದ ಕಪ್ಪೇ ಅದು. ಆ ಕೈ ಹಿಡಿದುಕೊಂಡೆ ಎಂದು ಬರೆಯಬೇಕೆನಿಸುತ್ತದೆ. ಹಿಡಿಯಲಿಲ್ಲ. ಪಕ್ಕದಲ್ಲಿ ಕೂತು ಒಂದು ಪದಕ ಎತ್ತಿ, ಗುರಿ ಹೊಡೆದು ಗೆದ್ದವನು ಇವನು ಎಂದು ಹೆಸರು ಓದಿ ಹೇಳಿದೆ, ಅಷ್ಟೇ.

‘ಯಾರ ಮಗನೋ ಏನೋ, ಚಂದ ಹೊಡದಾನ’ ಅಂದಳು. ಅವನ್ನೆಲ್ಲ ಡಬ್ಬಿಗೆ ತುಂಬಿದವಳೂ ಅವಳೇ.

ಆಮೇಲೆ ನಾನು ಆ ಡಬ್ಬಿ ತೆಗೆಯಲಿಲ್ಲ. ಅವ್ವ ಊರಿಗೆ ಮರಳಿದಳು, ಮರುವರ್ಷ ತೀರಿಕೊಂಡಳು. ಮೊನ್ನೆ ಕಪಾಟು ಸರಿಮಾಡುವಾಗ ತೆಗೆದೆ. ಆರು ಪದಕಗಳು ಎರಡೂ ಬದಿಗೆ ಬೆಳ್ಳಗಿವೆ. ಏಳನೆಯದರಲ್ಲಿ ಹೆಸರಿನ ಬದಿ ಹೊಳೆಯುತ್ತದೆ. ತಿರುವಿದರೆ ಎಲೆಗಳ ಸಂದಿಯ ಕಪ್ಪು ಇದ್ದ ಹಾಗೇ ಇದೆ.

ಊರಿಂದ ತಂದ ವಿಭೂತಿ ಮುಗಿದಿತ್ತೋ, ನನ್ನ ಮುಖ ನೋಡಿ ಅವಳು ಕೈ ಬಿಟ್ಟಳೋ. ಎಲ್ಲವನ್ನೂ ಅರಿತೇ ‘ಚೊಲೋ ಆತು’ ಎಂಬ ನನ್ನ ಸುಳ್ಳನ್ನು ಒಪ್ಪಿಕೊಂಡಳೋ. ಈಗ ಕೇಳುವಂತಿಲ್ಲ. ನನಗೆ ಗೊತ್ತಿಲ್ಲ.