ಕಣ್ಣು ಬಿಟ್ಟುಕೊಂಡೇ ಹೆರುತ್ತೇನೆ ಎಂದವಳು

ಇನ್ನೊಂದು ಮಗು ಮಾಡಿಕೊಳ್ಳಲು ಅಡ್ಡಿಯಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ಸೀಟಿ ಆಸ್ಪತ್ರೆಯಿಂದ ನೇರ ಡ್ಯೂಟಿಗೆ ಹೋದಳು. ಅವತ್ತು ಅವಳ ಬಸ್ಸು ಹತ್ತಿದವರೆಲ್ಲ ಈ ಹೆಂಗಸಿಗೆ ಏನಾಗಿದೆ ಅಂದುಕೊಂಡಿರಬೇಕು. ಬಾಗಿಲಲ್ಲಿ ಜೋತು ಬಿದ್ದವರಿಗೂ ಬೈಗುಳವಿಲ್ಲ, "ಒಳಗೆ ಬನ್ನಿ ಸ್ವಾಮಿ, ಮನೇಲಿ ಕಾಯೋರು ಇರ್ತಾರೆ" ಎಂಬ ಉಪಚಾರ.

ಸೀಟಿ ಅಂದರೆ ಹೆತ್ತವರು ಇಟ್ಟ ಹೆಸರಲ್ಲ. ಗಂಟೆಯ ಹಗ್ಗ ತಲೆಯ ಮೇಲೆ ತೂಗುತ್ತಿದ್ದರೂ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದೇ ಬಸ್ಸು ಬಿಡಿಸುವ ಕಂಡಕ್ಟರ್ ಅವಳು. ಡಿಪೋದವರು ಹಾಗೆ ಕರೆದು ಕರೆದು, ಈಗ ಗಂಡನೂ ಹಾಗೇ ಕರೆಯುತ್ತಿದ್ದ.

ಮೊದಲ ಹೆರಿಗೆ ಅವಳ ಪಾಲಿಗೆ ಮುಳ್ಳಾಗಿ ಕೂತಿತ್ತು. ಎರಡು ದಿನ ನೋವು ತಿಂದಿದ್ದಳು. ಮಗುವಿನ ತಲೆ ಸಿಕ್ಕಿಕೊಂಡಿದೆ ಎಂದು ಅವಸರ ಅವಸರವಾಗಿ ಹೊಟ್ಟೆ ಕೊಯ್ದರು. ಮರಗಟ್ಟಿಸಲು ಬೆನ್ನಿಗೆ ಹಾಕಿದ ಸೂಜಿ ಒಂದು ಪಕ್ಕಕ್ಕೆ ಸರಿಯಾಗಿ ಹಿಡಿದಿರಲಿಲ್ಲ. ಬಲಗಡೆ ಚುರುಚುರು ಅನ್ನುತ್ತಿದ್ದರೂ, ಹೆರಿಗೆ ಅಂದಮೇಲೆ ಇಷ್ಟೂ ಇರಬಾರದೇ ಎಂದು ಇವಳು ತುಟಿ ಪಿಟಕ್ಕೆನ್ನಲಿಲ್ಲ. ಕೊಯ್ತ ಶುರುವಾದ ಮೇಲೆ ಕಿರುಚಿದಳು. ಆಗ ಪೂರ್ತಿ ಪ್ರಜ್ಞೆ ತಪ್ಪಿಸಿ ಮಲಗಿಸಿದರು. ಅಷ್ಟರಲ್ಲಿ ಗರ್ಭಕೋಶದ ಕೊಯ್ತ ಪಕ್ಕಕ್ಕೆ ಹರಿದು ರಕ್ತ ಹರಿಯತೊಡಗಿತು. ಇವಳು ಕಣ್ಣು ಬಿಟ್ಟು ಮಗಳ ಮುಖ ನೋಡಿದ್ದು ಮೂರನೆಯ ದಿನ. ಅಷ್ಟು ಹೊತ್ತಿಗೆ ಅತ್ತೆ ನೋಡಿಯಾಗಿತ್ತು, ಗಂಡ ನೋಡಿಯಾಗಿತ್ತು, ಆಸ್ಪತ್ರೆ ಎದುರಿನ ಔಷಧದಂಗಡಿಯವನೂ ನೋಡಿ, ಮೂಗು ಅಪ್ಪನದ್ದು ಎಂದು ತೀರ್ಪು ಕೊಟ್ಟಿದ್ದ.

"ಹೆತ್ತವಳು ನಾನು, ಊರಿಗೆಲ್ಲ ಕಡೆಗೆ ನೋಡಿದವಳೂ ನಾನೇ" ಎಂದು ಅವಳು ನಗುತ್ತ ಹೇಳುತ್ತಿದ್ದಳು. ಕೇಳಿದವರೂ ನಗುತ್ತಿದ್ದರು. ಅವಳಿಗೆ ಮಾತ್ರ ಅದು ನಗುವ ಸಂಗತಿ ಆಗಿರಲಿಲ್ಲ.

ಮಗಳಿಗೆ ಈಗ ಮೂರು ವರ್ಷ ತುಂಬಿತ್ತು. ಡಾಕ್ಟರಮ್ಮ ಹಳೆಯ ಆಸ್ಪತ್ರೆಯ ಕಾಗದಗಳನ್ನೆಲ್ಲ ತರಿಸಿ ಎರಡೆರಡು ಸಲ ಓದಿದರು. ಆಮೇಲೆ ಔಷಧದ ಚೀಟಿಯ ಹಿಂದೆ ಗರ್ಭಕೋಶದ ಚಿತ್ರ ಬರೆದು, ಹರಿದ ಜಾಗಕ್ಕೆ ಪೆನ್ನಿನಿಂದ ಗೀರು ಹಾಕಿ ತೋರಿಸಿದರು.

"ನೋಡಮ್ಮ, ನೋವು ಬರಲಿ ಅಂತ ಕಾಯೋ ಹಾಗಿಲ್ಲ. ಈ ಹೊಲಿಗೆ ಮೇಲೆ ಆ ಭಾರ ಬೀಳೋಕೆ ನಾನು ಬಿಡಲ್ಲ. ತಿಂಗಳು ತುಂಬೋಕೆ ಎರಡು ಮೂರು ವಾರ ಮುಂಚೆನೇ ದಿನ ಗೊತ್ತು ಮಾಡಿ ತೆಗೀತೀವಿ. ಮಾಸು ಹಳೇ ಗಾಯದ ಮೇಲೆ ಕೂತಿದ್ಯಾ ಅಂತ ನಡುವೆ ಸ್ಕ್ಯಾನು. ರಕ್ತ ಕೊಡೋರು ಇಬ್ಬರು ಸಿದ್ಧ ಇರಲಿ."

"ಅದೆಲ್ಲ ಆಯ್ತು ಮೇಡಂ. ನಾನು ಎಚ್ಚರ ಇರ್ತೀನಾ?"

"ಇರಿಸೋಕೆ ನೋಡ್ತೀವಿ. ಮಾತು ಕೊಡಲ್ಲ."

ನೋಡ್ತೀವಿ ಅಂದರಲ್ಲ, ಅಷ್ಟೇ ಸಾಕಾಯಿತು ಸೀಟಿಗೆ.

ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಸುದ್ದಿ ಕೇಳಿ ಕೈಯಲ್ಲಿದ್ದ ಅಂಗಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಒಂದು ಸಲ ಸಾವಿನ ಬಾಯಿಂದ ಎಳ್ಕೊಂಡು ಬಂದದ್ದು ಸಾಲದೇನೇ? ಒಂದು ಕಣ್ಣಾದರೇನು, ಬೆಳಕಾಗಿ ಇದೆಯಲ್ಲ" ಎಂದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಗಂಡನಿಗೆ ಮಾತು ಕಡಿಮೆ. ಅವನು ಡಾಕ್ಟರಮ್ಮನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಬರೆದಿರೋದು ಅಚ್ಚುಕಟ್ಟಾಗಿದೆ" ಎಂದಷ್ಟೇ ಹೇಳಿದ. ಅದೇ ಅವನ ಒಪ್ಪಿಗೆ.

ಅದಾದ ಐದು ತಿಂಗಳಿಗೆ ಸೀಟಿ ಬಸುರಿಯಾದಳು. ಮಾಸು ಮೇಲುಗಡೆ ಕೂತಿದೆ, ಗಾಯದ ಗೊಡವೆಗೆ ಹೋಗಿಲ್ಲ ಎಂದು ಸ್ಕ್ಯಾನಿನವರು ಹೇಳಿದ ದಿನ ಡಿಪೋಗೆಲ್ಲ ಸುದ್ದಿ. ಡ್ಯೂಟಿ ಹಾಕುವ ಗುಮಾಸ್ತರು ಅವಳನ್ನು ಕಿಟಕಿಯ ಬಳಿ ಕರೆದರು. ಬಿಡುವ ಪ್ರತಿ ಬಸ್ಸಿಗೂ ಯಾರು, ಯಾರಿಲ್ಲದಿದ್ದರೆ ಯಾರು ಎಂದು ಬರೆದಿಟ್ಟೇ ಮನೆಗೆ ಹೋಗುವ ಮನುಷ್ಯ.

"ಹೆರಿಗೆ ಅಂದರೇನು, ಒಂದು ಟ್ರಿಪ್ಪು ತಾನೇ? ಹೇಳು, ಬರೆದುಬಿಡೋಣ."

ಅಡ್ಡಗೆರೆ ಉದ್ದಗೆರೆ ಎಳೆದರು. ಆಸ್ಪತ್ರೆಗೆ ಗಾಡಿ ಓಡಿಸೋದು ಮೂರನೇ ನಂಬರಿನ ಡ್ರೈವರ್, ಸ್ಪೇರ್ ಅವನ ಭಾವ. ರಕ್ತಕ್ಕೆ ಬಸ್ಸು ತೊಳೆಯುವ ಇಬ್ಬರು, ಗುಂಪು ಒಂದೇ. "ನಾನು ಹೆರ್ತಿರೋದು ಒಂದು ಮಗು ಅಣ್ಣ, ಡಿಪೋನೇ ಬರ್ತಿದೆಯಲ್ಲ" ಎಂದಳು ಸೀಟಿ. ಗುಮಾಸ್ತರು ತಲೆಯೆತ್ತಲಿಲ್ಲ.

"ಹುಟ್ಟಿದ ತಕ್ಷಣ ಮಗು ನೋಡೋರು?"

"ನಾನು."

"ನಿನಗೆ ಸ್ಪೇರ್?"

"ಬೇಡ."

"ಸ್ಪೇರ್ ಇಲ್ಲದೆ ನಾನು ಸೈಕಲ್ಲನ್ನೂ ಹೊರಗೆ ಬಿಡಲ್ಲ" ಎಂದರು ಗುಮಾಸ್ತರು. ಅವಳು ಜಗ್ಗಲಿಲ್ಲ. ಪಟ್ಟಿಯಲ್ಲಿ ಆ ಮನೆ ಖಾಲಿ ಉಳಿಯಿತು.

ಪಟ್ಟಿ ಅಡುಗೆಮನೆಯ ಗೋಡೆಗೆ ಬಂತು. ಅತ್ತೆಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಖಾಲಿ ಜಾಗ ಕಾಣಲು ಅಕ್ಷರ ಬೇಕಿಲ್ಲವಲ್ಲ. ಇದೇನೆಂದು ಕೇಳಿದರು. ಸೀಟಿ ಹೇಳಿಯೇಬಿಟ್ಟಳು.

"ನನ್ನ ಮಲಗಿಸಿದರೆ, ನಾನು ಏಳೋವರೆಗೆ ಮಗೂನ ಯಾರೂ ನೋಡಬಾರದು. ಹೋದ ಸಲ ಎಲ್ಲರೂ ನೋಡಿದ್ದಾಯ್ತಲ್ಲ."

ಅತ್ತೆ ಸ್ಟೂಲು ಎಳೆದುಕೊಂಡರು. ಅದರ ಮೇಲೆ ಕೂತು ಹೇಳಿದರು.

"ಆ ಮೂರು ದಿನ ಕೂಸನ್ನ ಎದೆಗೆ ಅವಚಿಕೊಂಡು ಹೊತ್ತು ಹೊತ್ತಿಗೂ ನಿನ್ನ ಬಾಗಿಲ ಹತ್ತಿರ ಬರ್ತಿದ್ದೆ ಕಣೇ. ಒಳಗೆ ಬಿಡ್ತಿರಲಿಲ್ಲ. ಬಾಗಿಲು ತೆರೆದಾಗ ಅದರ ಮುಖ ನಿನ್ನ ಕಡೆ ತಿರುಗಿಸ್ತಿದ್ದೆ. ನಿಮ್ಮಮ್ಮ ಒಳಗಿದಾಳೆ, ಬಜಾರಿ, ಎದ್ದು ಬರ್ತಾಳೆ, ಬಂದು ನನ್ನೂ ಬೈತಾಳೆ ನಿನ್ನೂ ಬೈತಾಳೆ ಅಂತಿದ್ದೆ. ನಾನು ನೋಡಿದ್ದು ನಿಜ. ನೋಡಿ ಖುಷಿಪಟ್ಟೆ ಅಂದ್ಕೊಂಡೆಯಾ? ನೀನು ಎದ್ದರೆ ಸಾಕು ಅಂತ ಕೂತಿದ್ದೆ."

ಇಷ್ಟು ವರ್ಷ ಈ ಮಾತು ಆಕೆಯ ಬಾಯಿಂದ ಬಂದಿರಲಿಲ್ಲ, ಇವಳೂ ಕೇಳಿರಲಿಲ್ಲ. ಸೀಟಿ ಒಲೆ ಸಣ್ಣ ಮಾಡಿದಳು. ಪೆನ್ನು ಹುಡುಕಿ ಖಾಲಿ ಮನೆಯಲ್ಲಿ 'ಅತ್ತೆ' ಎಂದು ಬರೆದಳು.

"ಏನು ಬರೆದೆ?"

"ಬಜಾರಿ ಅಂತ."

"ಬರಿ, ಬರಿ. ಇಬ್ಬರಿಗೂ ಒಪ್ಪುತ್ತೆ."

ಗೊತ್ತಾದ ದಿನ ಬೆಳಿಗ್ಗೆ ಏಳಕ್ಕೆಲ್ಲ ಆಪರೇಷನ್ ಕೋಣೆಯಲ್ಲಿ ಸೀಟಿ ಬೆನ್ನು ಬಾಗಿಸಿ ಕೂತಿದ್ದಳು. ಮೈಮರಗಟ್ಟಿಸುವ ಡಾಕ್ಟರು ಗಟ್ಟಿಮುಟ್ಟು ಆಳು, ದನಿ ಮಾತ್ರ ಮೆತ್ತಗೆ. ಬೆನ್ನಿಗೆ ಸೂಜಿ ಹಾಕಿ, ಬೇಕಾದರೆ ಇನ್ನಷ್ಟು ಔಷಧ ಬಿಡಲು ಕೂದಲೆಳೆಯಂಥ ಕೊಳವೆಯೊಂದನ್ನು ಅಲ್ಲೇ ಉಳಿಸಿದರು. ಮಲಗಿಸಿ, ಎದೆಯ ಮುಂದೆ ಹಸಿರು ಪರದೆ ಕಟ್ಟಿದರು. ಕಾಲು ತನ್ನವಲ್ಲ ಅನ್ನುವಷ್ಟು ಭಾರವಾದವು. ಮರಗಟ್ಟಿದೆಯೇ ಎಂದು ನೋಡಲು ಡಾಕ್ಟರು ಐಸಿನ ತುಂಡು ಹಿಡಿದು ಹೊಟ್ಟೆಯ ಎಡಗಡೆ ಒತ್ತಿದರು.

"ತಣ್ಣಗಿದೆಯಾ?"

"ಇಲ್ಲ ಸಾರ್."

ಬಲಗಡೆ ಒತ್ತಿದರು. ತಣ್ಣಗಿತ್ತು.

ಅದೇ ಬಲಗಡೆ. ಇದೆ ಅಂದರೆ ಮಲಗಿಸಿಬಿಟ್ಟಾರು. ಇಲ್ಲ ಅಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಒಂದು ಗಳಿಗೆ ಹಲ್ಲು ಕಚ್ಚಿದರಾಯಿತು, ಕಣ್ಣು ತೆರೆದೇ ಇರಬಹುದು. ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೋದ ಸಲವೂ ಹಲ್ಲು ಕಚ್ಚಿಯೇ ತಾನೇ ಇಷ್ಟೆಲ್ಲ ಆದದ್ದು. ಹೊರಗೆ ಅತ್ತೆ ಇದ್ದಾರೆ. ಮಲಗಿದರೂ ಮಗು ಅನಾಥವಾಗಿ ಇರುವುದಿಲ್ಲ.

"ಇದೆ ಸಾರ್" ಎಂದಳು. "ಬಲಗಡೆ ಚೆನ್ನಾಗೇ ತಣ್ಣಗಿದೆ."

"ಹೇಳಿದ್ದು ಒಳ್ಳೇದಾಯ್ತು" ಎಂದರು ಡಾಕ್ಟರು. ಮೇಜನ್ನು ಬಲಕ್ಕೆ ವಾಲಿಸಿದರು, ಕೊಳವೆಗೆ ಔಷಧ ಬಿಟ್ಟರು. ಡಾಕ್ಟರಮ್ಮ ಕೈಗವಸು ತೊಟ್ಟು ನಿಂತಿದ್ದವರು ನಿಂತೇ ಇದ್ದರು. "ಗಡಿಬಿಡಿ ಇಲ್ಲ. ಹೋದ ಸಲ ಗಡಿಯಾರ ಅವರ ಬೆನ್ನು ಹತ್ತಿತ್ತು, ಈ ಸಲ ನಮ್ಮ ಕೈಯಲ್ಲಿದೆ." ಐದು ನಿಮಿಷ, ಹತ್ತು ನಿಮಿಷ. ಸೀಟಿ ಸೂರಿನ ದೀಪಗಳನ್ನು ಮೂರು ಸಲ ಎಣಿಸಿದಳು. ಮತ್ತೆ ಐಸು ಬಂತು.

"ಈಗ?"

"ಎಲ್ಲಿ ಇಟ್ಟಿದೀರಿ ಅಂತಾನೇ ಗೊತ್ತಾಗ್ತಿಲ್ಲ."

ಆಮೇಲೆ ನೋವಿಲ್ಲ, ಬರೀ ಎಳೆದಾಟ, ಯಾರೋ ಹೊಟ್ಟೆಯೊಳಗೆ ಕಪಾಟು ಸರಿಸಿದ ಹಾಗೆ. ಹಳೆಯ ಗಾಯ ಅಲ್ಲಲ್ಲಿ ಅಂಟಿಕೊಂಡಿತ್ತು, ಬಿಡಿಸುವುದಕ್ಕೇ ಹೊತ್ತು ಹಿಡಿಯಿತು. "ಬರ್ತಿದೆ, ನೋಡ್ಕೋ" ಎಂದು ಡಾಕ್ಟರಮ್ಮ ಹೇಳುತ್ತಿದ್ದಂತೆ ಸಿಸ್ಟರು ಪರದೆ ಕೆಳಗಿಳಿಸಿದರು. ಮೊದಲು ಕಂಡದ್ದು ತಲೆಗೂದಲು, ಆಮೇಲೆ ಸಿಡಿಮಿಡಿ ಮುಖ, ಗಂಟಿಕ್ಕಿದ ಹುಬ್ಬು. ಆಮೇಲೆ ಅಳು, ಕೋಣೆ ತುಂಬ.

"ಹುಡುಗಿ" ಎಂದಳು ಸೀಟಿ, ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ.

ಮಗುವನ್ನು ತಂದು ಅವಳ ಕೆನ್ನೆಗೆ ತಾಗಿಸಿದರು. "ಇನ್ನೂ ಮುಕ್ಕಾಲು ಗಂಟೆ ಹೊಲಿಗೆ ಇದೆ" ಎಂದರು ಡಾಕ್ಟರು. "ಸುಸ್ತಾಗಿದ್ದರೆ ಸ್ವಲ್ಪ ನಿದ್ದೆಗೆ ಔಷಧ ಕೊಡಲಾ?"

"ಬೇಡ ಸಾರ್, ನಿಮ್ಮ ದಮ್ಮಯ್ಯ" ಎಂದಳು. ಮಗುವಿನ ಕಿವಿಯ ಹಿಂದೆ ಹೊಟ್ಟೆಯೊಳಗಿಂದಲೇ ಬಂದ ಬಿಳಿಯ ಮೇಣದಂಥದ್ದು ಅಂಟಿಕೊಂಡಿತ್ತು. ಅದನ್ನು ಇನ್ನೂ ಯಾರೂ ಒರೆಸಿರಲಿಲ್ಲ.